ಒದ್ದೆಯಾಗದ ಹುಟ್ಟು

ಮೊದಲ ಚಿತ್ರವೂ ಕೊನೆಯ ಚಿತ್ರವೂ ಯೆ ಮೇಷ್ಟ್ರವು.
ನಡುವಿನ ಹತ್ತು ನನ್ನವು.
ಹನ್ನೆರಡು ಹಾಳೆ ಸೇರಿದರೆ ಒಂದು ಸೆಕೆಂಡು.
ದೋಣಿ ಇಲ್ಲಿಂದ ಅಲ್ಲಿಗೆ ಹೋಗಬೇಕು, ಅಷ್ಟೆ;
ಹೋಗಿಸಿದವರು ಕಾಣಬಾರದು.

ಎಂಬತ್ತೆರಡರ ಜನವರಿ, ಶಾಂಘಾಯ್, ಸ್ಟುಡಿಯೋದ ಮೂರನೇ ಮಹಡಿ.
ಗಾಜಿನ ಮೇಜಿನ ಕೆಳಗೆ ಬಲ್ಬು.
ಅದಕ್ಕೆ ಬೆರಳು ಕಾಯಿಸಿಕೊಂಡು ಗೆರೆ ಎಳೆಯುತ್ತಿದ್ದೆವು
ನಾನೂ ಫಾಂಗ್ ಪೇಯೂನಳೂ.
ಕ್ಯಾಮರಾ ಕೋಣೆಯಿಂದ ಮುದುಕ ಹುವೊನ ಕೆಮ್ಮು.
ಕಿಟಕಿಯಾಚೆ ಕಾಲುವೆ; ಕಲ್ಲಿದ್ದಲು ಹೊತ್ತ ದೋಣಿಗಳು
ಸೆಳವಿಗೆದುರಾಗಿ ಹೊಗೆ ಉಗುಳುತ್ತ ಏದುತ್ತಿದ್ದವು.

ಕತೆ ಸಣ್ಣದು.
ಅಂಬಿಗನೊಬ್ಬ ನಾಲ್ಕು ನಿಮಿಷ ಹೊಳೆಯೊಂದಿಗೆ ಜಗಳವಾಡುತ್ತಾನೆ.
ತೋಳು ಉಬ್ಬುತ್ತದೆ, ಹುಟ್ಟು ಮುರಿಯುತ್ತದೆ,
ಬೈದುಕೊಂಡು ಇನ್ನೊಂದು ಕೆತ್ತುತ್ತಾನೆ.
ಐದನೆಯ ನಿಮಿಷದಲ್ಲಿ ಬಾತುಕೋಳಿಯೊಂದು
ನಿದ್ದೆಯಲ್ಲೇ ಅವನನ್ನು ದಾಟಿ ಆಚೆ ದಡ ಸೇರುತ್ತದೆ.
ಅವನು ಹುಟ್ಟನ್ನು ತೊಡೆಯ ಮೇಲೆ ಮಲಗಿಸಿ
ಸುಮ್ಮನೆ ಕೂರುತ್ತಾನೆ.
ಹೊಳೆ ತಾನು ತಿರುಗುವಲ್ಲಿ ತಿರುಗಿ
ದೋಣಿಯನ್ನು ದಡಕ್ಕೆ ಒರಗಿಸುತ್ತದೆ.
ಮಾತಿಲ್ಲ. ಕೊನೆಗೆ ಮಂಜು.

ನೀರು ನನ್ನ ಕೈಗೆ ಬಂದದ್ದು ತಡವಾಗಿ.
ಮೊದಲ ತಿಂಗಳ ಅಲೆಗಳನ್ನು ನೋಡಿ ಯೆ ಮೇಷ್ಟ್ರು,
"ಹೊಳೆಗೆ ಜಡೆ ಹಾಕಿದವರು ಯಾರು?" ಎಂದರು.
ಎದ್ದು ಹೋದರು.
ಕಲಿಸುವುದೆಂದರೆ ಅವರಿಗೆ ಎದ್ದು ಹೋಗುವುದು.

ಕಾಗದ ಒದ್ದೆ ಮಾಡಿದೆ. ಮಸಿ ಮುಟ್ಟಿಸಿದೆ. ಕೈ ತೆಗೆದೆ.
ಮಸಿ ತನಗೆ ಬೇಕಾದಷ್ಟು ದೂರ ನಡೆದು ನಿಂತಿತು.
ನಾನಾಗಿದ್ದರೆ ಇನ್ನೊಂದು ಹೆಜ್ಜೆ ಇಡುತ್ತಿದ್ದೆ.

ಮುಂದಿನ ಹಾಳೆಯಲ್ಲಿ ಅದು ಬೇರೆ ಕಡೆ ನಡೆಯಿತು,
ಅದರ ಮುಂದಿನದರಲ್ಲಿ ಇನ್ನೂ ಬೇರೆ.
ಸಾಲಾಗಿ ಓಡಿಸಿದರೆ ಹೊಳೆಗೆ ಚಳಿಜ್ವರ.
"ಇರಲಿ," ಎಂದರು.
"ಒಂದೇ ತೆರನಾಗಿ ಹರಿದ ಹೊಳೆಯನ್ನು ಎಲ್ಲಿ ಕಂಡೆ?"

ಮಾರ್ಚಿನಲ್ಲಿ ಸಮಿತಿ ಬಂತು:
ಐದು ಜನ, ಮುಚ್ಚಳವಿರುವ ಐದು ಚಹಾ ಲೋಟ.
ದೀಪ ಹತ್ತಿದ ಮೇಲೆ ಕಾಮ್ರೇಡ್ ಕುವಾಂಗ್ ಕೇಳಿದರು,
"ನಾಯಕ ಯಾಕೆ ಏನೂ ಮಾಡುವುದಿಲ್ಲ?
ಮಕ್ಕಳು ನೋಡುವಂಥದ್ದು. ಸೋಮಾರಿತನ ಕಲಿತಾರು.
ಹುಟ್ಟು ಹಾಕಲಿ. ಗೆದ್ದು ದಡ ಸೇರಲಿ."

ಮೇಷ್ಟ್ರು ವಾದಿಸುತ್ತಾರೆಂದು ನಾವು ಕಾದೆವು.
"ಆಗಲಿ," ಎಂದರು.
ಲೋಟಗಳಿಗೆ ಬಿಸಿನೀರು ತುಂಬಿದರು.

ಪೇಯೂನ್ ಶೌಚಾಲಯದಲ್ಲಿ ಅತ್ತಳು.
ನಾನು ಆ ರಾತ್ರಿ ಮನೆಗೆ ನಡೆದೇ ಹೋದೆ,
ಬಸ್ಸನ್ನೂ ನಂಬಲಾಗದಷ್ಟು ಸಿಟ್ಟು.

ಬೆಳಿಗ್ಗೆ ನನ್ನ ಮೇಜಿನ ಮೇಲೆ ಹೊಸ ಹಾಳೆಗಳು.
ಅಂಬಿಗ ಎದ್ದು ನಿಂತಿದ್ದಾನೆ, ಬಾಗಿದ್ದಾನೆ, ಎಳೆಯುತ್ತಿದ್ದಾನೆ,
ಸಮಿತಿ ಹೇಳಿದ ಹಾಗೆಯೇ.
ಹುಟ್ಟಿಗೂ ನೀರಿಗೂ ನಡುವೆ ಒಂದು ಕೂದಲೆಳೆ ಬಿಳಿ.
ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣಕ್ಷರ: ಇದನ್ನು ಮುಚ್ಚಬೇಡ.

ತೊಂಬತ್ತಾರು ಹಾಳೆ, ಎಂಟು ಸೆಕೆಂಡು.
ಹುಟ್ಟು ಇಳಿಯಿತು, ಹಿಂದೆ ಸರಿಯಿತು, ಎದ್ದಿತು, ಮತ್ತೆ ಇಳಿಯಿತು,
ಒಂದರಲ್ಲೂ ಒದ್ದೆಯಾಗಲಿಲ್ಲ.
ಹಬ್ಬುವುದು ಮಸಿಯ ಗುಣ.
ಆ ಬಿಳಿಯನ್ನು ಅದು ತಾನಾಗಿ ಬಿಟ್ಟುಕೊಟ್ಟದ್ದೆಷ್ಟು,
ನಾನು ಉಸಿರು ಕಟ್ಟಿ ಕಾಯ್ದದ್ದೆಷ್ಟು,
ಲೆಕ್ಕ ಇಟ್ಟಿಲ್ಲ.

ಹುವೊ ಮಸೂರದಲ್ಲಿ ಕಂಡ. ಕೆಮ್ಮಿದ.
ಸಮಿತಿ ಎರಡನೇ ಸಲ ನೋಡಿ ಚಪ್ಪಾಳೆ ತಟ್ಟಿತು.

ಜೂನಿನ ಒಂದು ಭಾನುವಾರ, ಜವಳಿ ಗಿರಣಿಯ ಸಭಾಂಗಣ.
ಸೂರ್ಯಕಾಂತಿ ಬೀಜದ ಸಿಪ್ಪೆ ಕಾಲಡಿ ಚುರುಚುರು.
ಯೆ ಮೇಷ್ಟ್ರು ಗೋಡೆಗೊರಗಿ ನಿದ್ದೆ ಹೋಗಿದ್ದರು.
ಅಂಬಿಗ ಎದ್ದು ನಿಂತ, ಬಾಗಿದ.
ನನ್ನ ಮುಂದಿನ ಸಾಲಿನಲ್ಲಿ, ಹಲ್ಲು ಬಿದ್ದ ಹುಡುಗಿ
ಜೋರಾಗಿ ಅಂದಳು:
"ಅಮ್ಮಾ, ಅವನು ನೀರು ಮುಟ್ಟುತ್ತಲೇ ಇಲ್ಲ!
ಮತ್ತೆ ದೋಣಿ ಹೇಗೆ ಹೋಗುತ್ತಿದೆ?"

"ಸುಮ್ಮನಿರು," ಎಂದಳು ತಾಯಿ.

ಮಗು ಸುಮ್ಮನಾಯಿತು.
ದೋಣಿ ದಡಕ್ಕೆ ಬಂತು.